ಕಂಡಕ್ಟರನ ಲೆನ್ಸು, ಭೋಜದ ಭೂಕಂಪ

ಹಸಿ ಕೌದಿಯ ಒಂದು ತುದಿ ಸತ್ತೆವ್ವನ ಕೈಯಲ್ಲಿತ್ತು, ಇನ್ನೊಂದು ತುದಿ ಆಕೆಯ ಗಂಡ ಜ್ಞಾನದೇವನ ಕೈಯಲ್ಲಿ. ವೇದಗಂಗೆಯ ದಂಡೆಯ ಕಲ್ಲಿಗೆ ಬಡಿದು ಬಡಿದು ವರ್ಷದ ಕೊಳೆಯನ್ನೆಲ್ಲ ಹೊಳೆಗೆ ಒಪ್ಪಿಸಿ ಆಗಿತ್ತು, ಹಿಂಡುವುದೊಂದು ಉಳಿದಿತ್ತು. ಎದುರುಬದುರು ನಿಂತ ಇಬ್ಬರೂ ತಂತಮ್ಮ ಬಲಕ್ಕೆ ತಿರುವಿದರೆ ನೀರು ಇಳಿಯುತ್ತದೆ. ಜ್ಞಾನದೇವ ಎಡಕ್ಕೆ ತಿರುವಿದ. ಕೌದಿ ಹಿಂಡಿಕೊಳ್ಳದೆ ಇಬ್ಬರ ನಡುವೆ ಆರಾಮಾಗಿ ಉರುಳಿತು.

"ಬಲಕ್ಕ ತಿರುವ್ರಿ," ಎಂದಳು ಸತ್ತೆವ್ವ.

"ಯಾರ ಬಲಕ್ಕ? ನಿನ್ನ ಬಲಕ್ಕೋ, ನನ್ನ ಬಲಕ್ಕೋ?"

ಸತ್ತೆವ್ವ ಉತ್ತರ ಕೊಡಲಿಲ್ಲ. ಮದುವೆಯಾದಾಗಿನಿಂದ ಆಕೆ ಉತ್ತರಗಳನ್ನು ಉಳಿಸುತ್ತಲೇ ಬಂದಿದ್ದಳು, ಮುಂದೆ ಯಾವತ್ತಾದರೂ ಬೇಕಾದೀತು ಎಂದು. ಆಕೆ ನೋಡುತ್ತಿದ್ದುದು ಗಂಡನ ಕಾಲುಗಳನ್ನು. ಅಷ್ಟು ಅಗಲವಾದ ಚಪ್ಪಟೆ ಕಲ್ಲಿನ ಮೇಲೆ ನಿಂತಿದ್ದರೂ ಆತ ಕಾಲು ಅಗಲಿಸಿ, ಮೊಣಕಾಲು ತುಸು ಮಡಚಿ, ಒಮ್ಮೆ ಹಿಮ್ಮಡಿಯ ಮೇಲೆ ಒಮ್ಮೆ ಬೆರಳ ತುದಿಯ ಮೇಲೆ ಭಾರ ಹಾಕುತ್ತ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಆಡುತ್ತಿದ್ದ. ಬೇಸಿಗೆಯಲ್ಲಿ ಬಸ್ಸಿನ ನೌಕರಿಯಿಂದ ನಿವೃತ್ತನಾಗಿ ಮನೆಗೆ ಬಂದಾಗಿನಿಂದ ಆಕೆ ಇದನ್ನು ಗಮನಿಸಿದ್ದಳು. ಹಲ್ಲುಜ್ಜುವಾಗಲೂ ಹೀಗೇ, ಬುದ್ಧವಂದನೆಗೆ ಕೈಮುಗಿದು ನಿಂತಾಗಲೂ ಹೀಗೇ.

ಅಷ್ಟರಲ್ಲಿ ಮೇಲಿನ ದಾರಿಯಲ್ಲಿ ಮಗಳು ಪೂನಮ ಅಂಗನವಾಡಿಯ ಮಕ್ಕಳನ್ನು ಕೋಳಿಮರಿಗಳಂತೆ ಮುಂದೆ ಹಾಕಿಕೊಂಡು ಹೋಗುವುದು ಕಂಡಿತು. ಜ್ಞಾನದೇವ ಕೌದಿಯನ್ನು ಕೈಬಿಟ್ಟ. ಕೊರಳಲ್ಲಿ ತೂಗುತ್ತಿದ್ದ ಕ್ಯಾಮೆರಾ ಎತ್ತಿ, ಮೊಳದುದ್ದದ ಲೆನ್ಸನ್ನು ದಾರಿಯ ಕಡೆಗೆ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿದ. ಕತ್ತಲೆ ಕಂಡಿತು. ತಪ್ಪು ಕಣ್ಣು ಮುಚ್ಚಿದೆನೇನೋ ಎಂದು ಕಣ್ಣು ಬದಲಾಯಿಸಿದ. ಅಲ್ಲೂ ಕತ್ತಲೆ. ಲೆನ್ಸಿನ ಮುಚ್ಚಳ ತೆಗೆದಿಲ್ಲ ಎಂಬುದು ಹೊಳೆಯುವಷ್ಟರಲ್ಲಿ ಮಗಳು ಬೇಲಿಯಾಚೆ ಹೋಗಿದ್ದಳು, ಕೌದಿ ಕೆಸರಿನಲ್ಲಿ ಅಂಗಾತ ಮಲಗಿತ್ತು. ಸತ್ತೆವ್ವ ಅದನ್ನೆತ್ತಿಕೊಂಡು ಮತ್ತೆ ನೀರಿಗಿಳಿದಳು.

ಎರಡು ಸಾವಿರದ ಹತ್ತರ ಚಳಿಗಾಲ ಅದು. ಆಗಿನ್ನೂ ಅವರ ಊರು ಭೋಜ ಚಿಕ್ಕೋಡಿ ತಾಲೂಕಿಗೇ ಸೇರಿತ್ತು. ಮನೆಯಲ್ಲಿ ಯಾರೂ ಕೇಳದಿದ್ದ ಇಷ್ಟು ದೊಡ್ಡ ಕ್ಯಾಮೆರಾ ಬಂದು ಕೂತದ್ದಕ್ಕೆ ಕಾರಣ ಐಗಳಿಯ ಅಕ್ಕುತಾಯಿ.

ಪೂನಮಳನ್ನು ಕೇಳಿಕೊಂಡು ಬಂದ ಹುಡುಗ ಸಮಾಧಾನ, ಅಥಣಿ ತಾಲೂಕಿನ ಐಗಳಿಯವನು, ಹೈಸ್ಕೂಲಿನಲ್ಲಿ ಕ್ಲಾರ್ಕು. ತಾಯಿಯಿಲ್ಲದ ಅವನನ್ನು ಬೆಳೆಸಿದವಳು ಅವನ ಸೋದರತ್ತೆ ಅಕ್ಕುತಾಯಿ. ಹುಡುಗ ಹುಡುಗಿಯನ್ನು ಒಪ್ಪಿದ್ದ. ಹುಡುಗಿ ಒಪ್ಪಿದ್ದೇನೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಮೊಬೈಲು ಗುಂಯ್‌ಗುಟ್ಟಿದರೆ ಹಿತ್ತಲಿಗೆ ಹೋಗಿ, ಅಲ್ಲಿ ಆಡಿಗೆ ಮೇವು ಹಾಕುವ ನೆಪದಲ್ಲಿ ತಾಸುಗಟ್ಟಲೆ ಮಾತಾಡುತ್ತಿದ್ದಳು. ಆಡು ಆ ಚಳಿಗಾಲ ಚೆನ್ನಾಗಿ ಮೈತುಂಬಿಕೊಂಡಿತ್ತು. ಇನ್ನು ಉಳಿದದ್ದು ಅಕ್ಕುತಾಯಿಯ ಒಂದು ಮಾತು. ಆಕೆಗೆ ಸೊಂಟದ ನೋವು, ಬಸ್ಸಿನಲ್ಲಿ ಕೂತು ಭೋಜದವರೆಗೆ ಬರುವುದಾಗುತ್ತಿರಲಿಲ್ಲ. ಹೀಗಾಗಿ ನಿಪ್ಪಾಣಿಯ ಸ್ಟುಡಿಯೋದಲ್ಲಿ ಹಿಂದೆ ಹಿಮದ ಬೆಟ್ಟ, ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಗುಲಾಬಿ ಇಟ್ಟು ಪೂನಮಳ ಫೋಟೋ ತೆಗೆಸಿ ಕಳಿಸಿದರು. ಫೋಟೋ ವಾಪಸು ಬಂತು. ಜೊತೆಗೆ ಅಕ್ಕುತಾಯಿ ಸಮಾಧಾನನ ಕೈಯಿಂದಲೇ ಬರೆಸಿದ ಚೀಟಿ:

"ಸ್ಟುಡಿಯೋದಾಗ ನಾನೂ ಛಲೋ ಕಾಣತೇನಿ. ಹುಡುಗಿ ತನ್ನ ಪಾಡಿಗೆ ತಾ ಕೆಲಸಾ ಮಾಡೂ ಮುಂದ, ಆಕಿಗೆ ಗೊತ್ತಾಗಲಾರದಂಗ ಒಂದ ಫೋಟೋ ತಗದ ಕಳಸ್ರಿ. ನೋಡಿ ಹೇಳತೇನಿ."

ಗೊತ್ತಾಗದ ಹಾಗೆ ತೆಗೆಯಬೇಕೆಂದರೆ ದೂರದಿಂದ ತೆಗೆಯಬೇಕು. ದೂರದಿಂದ ತೆಗೆಯಬೇಕೆಂದರೆ ಝೂಮ್ ಲೆನ್ಸು ಬೇಕು. ಜ್ಞಾನದೇವ ಕೊಲ್ಹಾಪುರಕ್ಕೆ ಹೋದ. ಅಂಗಡಿಯವನು ಎರಡು ಲೆನ್ಸು ಮುಂದಿಟ್ಟ. ಒಂದರಲ್ಲಿ, ಹಿಡಿದವನ ಕೈ ಅಲುಗಿದರೂ ಚಿತ್ರ ಅಲುಗದ ಹಾಗೆ ಒಳಗಿನ ಗಾಜೊಂದು ತಾನೇ ಆಚೀಚೆ ಸರಿದು ಸಂಭಾಳಿಸುತ್ತದೆ. ಅದಕ್ಕೆ ಸ್ಟೆಬಿಲೈಜೇಶನ್ ಅನ್ನುತ್ತಾರೆ ಎಂದ. ಇನ್ನೊಂದರಲ್ಲಿ ಆ ಅನುಕೂಲ ಇಲ್ಲ. ದೂರದ್ದನ್ನು ಹತ್ತಿರ ಎಳೆದಷ್ಟೂ ಕೈಯ ಅಲುಗಾಟವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ವಯಸ್ಸಿನವರು ನೀವು, ಮೊದಲಿನದನ್ನೇ ಒಯ್ಯಿರಿ ಎಂದು ಬುದ್ಧಿಮಾತು ಹೇಳಿದ.

ವಯಸ್ಸಿನ ಮಾತು ತೆಗೆದದ್ದೇ ತಪ್ಪಾಯಿತು. ಜ್ಞಾನದೇವ ಕೌಂಟರಿನ ಮುಂದೆ ಕಾಲು ಅಗಲಿಸಿ ನಿಂತು ತನ್ನ ಸೇವೆಯ ಇತಿಹಾಸ ಶುರು ಮಾಡಿದ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ ಎಲ್ಲ ರಸ್ತೆಗಳಲ್ಲಿ, ರಸ್ತೆ ಇದ್ದಾಗಲೂ ಇಲ್ಲದಾಗಲೂ, ಕಂಬಿ ಹಿಡಿಯದೆ ನಿಂತು ಟಿಕೀಟು ಕೊಟ್ಟವನು ತಾನು. ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದು ಬ್ರೇಕು ಬಿದ್ದಾಗ ಇಡೀ ಬಸ್ಸು ಡ್ರೈವರನ ಬೆನ್ನಿಗೆ ಹೋಗಿ ಅಂಟಿಕೊಂಡಿತ್ತು. ತನ್ನ ಕೈಯಲ್ಲಿದ್ದ ಚಹಾ ಮಾತ್ರ ತುಳುಕಿರಲಿಲ್ಲ. ಇದನ್ನೆಲ್ಲ ಹೇಳಿ ಕೊನೆಗೆ, "ಆ ಗಾಜು ಒಳಗ ಕುಂತ ಮಾಡೂ ಕೆಲಸಾ ನನ್ನ ಮೊಣಕಾಲ ಮಾಡತಾವ. ನನಗ್ಯಾಕ ಬೇಕದು?" ಎಂದು ಎರಡನೆಯ ಲೆನ್ಸನ್ನೇ ಕಟ್ಟಿಸಿಕೊಂಡು ಬಂದ.

ಇತ್ತ ಸತ್ತೆವ್ವ ಅಕ್ಕುತಾಯಿಗೆ ಪತ್ರ ಬರೆದು ಮುಗಿಸಿದ್ದಳು. ಬರೆದದ್ದು ವಿಜಯದಶಮಿಯ ಹೊತ್ತಿಗೆ. 'ಜೈಭೀಮ' ಎಂದು ಶುರು ಮಾಡಿ, ಕ್ಷೇಮ ಕೇಳಿ, ತುಂಡು ಹೊಲದಲ್ಲಿ ಜೋಳ ಬಿತ್ತಿದ್ದೇವೆ, ಆಡು ಗಬ್ಬವಿದೆ, ಇದರೊಂದಿಗೆ ನೀವು ಕೇಳಿದ ಫೋಟೋ ಇಟ್ಟಿದ್ದೇವೆ ಎಂದು ಬರೆದಿದ್ದಳು. ಫೋಟೋ ಇರಲಿಲ್ಲವಾದ್ದರಿಂದ ಪತ್ರವನ್ನು ಗೋಡೆಗನ್ನಡಿಯ ಹಿಂದೆ ಸಿಕ್ಕಿಸಿದಳು. ಫೋಟೋ ಬರಲಿಲ್ಲ, ಜೋಳ ಬೆಳೆಯಿತು. ಆಕೆ ಪತ್ರ ತೆಗೆದು 'ಬಿತ್ತಿದ್ದೇವೆ' ಎಂಬುದನ್ನು ಹೊಡೆದುಹಾಕಿ 'ಮೊಣಕಾಲುದ್ದ ಬಂದಿದೆ' ಎಂದು ಬರೆದಳು. ಮುಂದೆ ಅದನ್ನೂ ಹೊಡೆದು 'ಎದೆಮಟ್ಟ' ಎಂದಳು. ಆಡು ಎರಡು ಮರಿ ಹಾಕಿತು, ಅದನ್ನೂ ತಿದ್ದಿದಳು. ಹಳಸಿದ ಸುದ್ದಿ ಕಳಿಸುವುದು ಆಕೆಗೆ ಹಳಸಿದ ಅನ್ನ ಬಡಿಸಿದಷ್ಟೇ ಸಂಕೋಚದ ಮಾತಾಗಿತ್ತು.

ಕೆಸರಿನ ಕೌದಿ ಒಣಗಿದ ಮಾರನೆಯ ದಿನ ಜ್ಞಾನದೇವನಿಗೆ ಅವಕಾಶ ಸಿಕ್ಕಿತು. ಹೊತ್ತು ಕಬ್ಬಿನ ಹಿಂದೆ ಇಳಿದಿತ್ತು. ಅಂಗನವಾಡಿಯ ಎದುರಿಗೆ, ನೆರೆಮನೆಯ ಬಾಪುಸಾಹೇಬನ ಸಗಣಿ ಕುಳ್ಳಿನ ಬಣವೆ ಇತ್ತು. ಅದರ ಹಿಂದೆ ಅಡಗಿ ಕೂತ. ತಾಯಿ ಕೆಲಸದಿಂದ ಬರುವುದು ತಡವಾದ ಒಂದು ಕೂಸನ್ನು ಮಡಿಲಲ್ಲಿ ಕೂರಿಸಿಕೊಂಡು ಪೂನಮ ಅದರ ಚಪ್ಪಲಿಯ ಪಟ್ಟಿ ಕಟ್ಟುತ್ತಿದ್ದಳು. ಅಕ್ಕುತಾಯಿ ಕೇಳಿದ್ದು ಇದನ್ನೇ. ಜ್ಞಾನದೇವ ಎದ್ದು ನಿಂತು, ಮುಚ್ಚಳ ತೆಗೆದು, ಗುಂಡಿ ಒತ್ತಿದ.

ನಿಪ್ಪಾಣಿಯ ಸ್ಟುಡಿಯೋದ ಸುರಜ ಅದನ್ನು ಕಾಗದಕ್ಕಿಳಿಸಿ ಕೈಗಿತ್ತಾಗ ಅದರಲ್ಲಿ ಪೂನಮಳಿಗೆ ಎರಡು ಮೂಗು ಇದ್ದವು. ಕೂಸಿಗೆ ನಾಲ್ಕು ಚಪ್ಪಲಿ, ಹಿಂದಿನ ಗೋಡೆಗೆ ಎರಡೆರಡು ಅಂಚು, ಬೇವಿನ ಮರಕ್ಕೆ ಎಣಿಸಲಾಗದಷ್ಟು ಕೊಂಬೆ. ಸುರಜ ವಿನಯದ ಹುಡುಗ. "ಕಾಕಾ, ಕೈ ಅಲಗೇತ್ರಿ," ಎಂದು ನೆಲ ನೋಡುತ್ತ ಹೇಳಿದ. ಸುಡುಬಿಸಿಲಿದ್ದರೆ ಕ್ಯಾಮೆರಾದ ಕಣ್ಣು ಥಟ್ಟನೆ ತೆರೆದು ಮುಚ್ಚುತ್ತದೆ, ಆಗ ಕೈ ಅಲುಗಿದರೂ ನಡೆಯುತ್ತದೆ. ಸಂಜೆ ಬೆಳಕು ಸಾಲದೆ ಹೆಚ್ಚು ಹೊತ್ತು ತೆರೆದೇ ಇರುತ್ತದೆ, ಅಂಥಲ್ಲಿ ಇಷ್ಟುದ್ದದ ಲೆನ್ಸಿಗೆ ಸ್ಟೆಬಿಲೈಜೇಶನ್ ಬೇಕು, ಇಲ್ಲವೇ ಮೂರು ಕಾಲಿನ ಸ್ಟ್ಯಾಂಡಾದರೂ ಬೇಕು ಎಂದು ಬಿಡಿಸಿ ಹೇಳಿದ. ಜ್ಞಾನದೇವ ಅವನು ತರಿಸಿದ ಚಹಾ ಕುಡಿಯದೆ ಎದ್ದು ಬಂದ. ಆತನ ಸಿಟ್ಟಿಗೆ ಇದಕ್ಕಿಂತ ದೊಡ್ಡ ಗುರುತು ಇರಲಿಲ್ಲ.

ಭೋಜದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬಾಪುಸಾಹೇಬ ಕೂತಿದ್ದ. ಜ್ಞಾನದೇವನ ಕೈಯಿಂದ ಫೋಟೋ ಇಸಿದುಕೊಂಡು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ.

"ಎಲ್ಲಾ ಎರಡೆರಡ ಕಾಣಾಕತ್ತೈತಿ. ಕೈ ಅಲಗಿತೇನ ಅಣ್ಣಾ?"

"ನನ್ನ ಕೈ ಅಲಗಂಗಿಲ್ಲ."

"ಹಂಗಾರ ಹುಡುಗಿ ಅಲಗ್ಯಾಳ."

"ಗ್ವಾಡಿನೂ ಅಲಗೇತಲ್ಲೋ," ಎಂದ ಮಗ್ಗುಲ ಬೆಂಚಿನವನು, ಇಣುಕಿ ನೋಡಿ.

"ಗಿಡಾನೂ," ಎಂದ ಇನ್ನೊಬ್ಬ.

ಬಾಪುಸಾಹೇಬ ವಿಚಾರ ಮಾಡತೊಡಗಿದ. ಅವನು ವಿಚಾರ ಮಾಡುವುದು ಅಪರೂಪವಾದ್ದರಿಂದ ಹೋಟೆಲಿನವರೆಲ್ಲ ಕಪ್ಪು ಕೆಳಗಿಟ್ಟು ಕಾಯ್ದರು. "ಕಂಡಕ್ಟರನ ಕೈ ಅಲಗಿಲ್ಲ," ಎಂದು ಒಂದು ಬೆರಳು ಮಡಚಿದ. "ಗ್ವಾಡಿ, ಗಿಡಾ, ಹುಡುಗಿ ಎಲ್ಲಾ ಅಲಗ್ಯಾವ," ಎಂದು ಇನ್ನೊಂದು ಮಡಚಿದ. "ಅಂದ್ರ ಭೂಮಿನ ಅಲಗೇತಿ. ಕೊಯ್ನಾದ್ದ."

ಅತ್ತ ಮಹಾರಾಷ್ಟ್ರದ ಕೊಯ್ನಾ ಕಡೆ ಭೂಮಿ ಮೈಮುರಿದಾಗ ಇತ್ತ ಅಡುಗೆಮನೆಯ ತಾಟುಗಳು ಗಲಗಲ ಅನ್ನುವುದು ಈ ಭಾಗದವರಿಗೆ ಹೊಸದಲ್ಲ. ಆದ್ದರಿಂದ ಬಾಪುಸಾಹೇಬನ ಮಾತು ಎಲ್ಲರಿಗೂ ಸಲೀಸಾಗಿ ಇಳಿಯಿತು. ಜ್ಞಾನದೇವ ಹಾಗಲ್ಲ ಎನ್ನಲು ಬಾಯಿ ತೆರೆದದ್ದು ನಿಜ. ಅದೇ ಕ್ಷಣಕ್ಕೆ ಬಾಪುಸಾಹೇಬ ಆತನ ಕೈಗೆ ಬಿಸಿ ಚಹಾ ಕೊಡಿಸಿದ. ತೆರೆದ ಬಾಯಿಯನ್ನು ಸುಮ್ಮನೆ ಮುಚ್ಚಬಾರದೆಂದು ಆತ ಚಹಾ ಕುಡಿದ. ನಿಪ್ಪಾಣಿಯಲ್ಲಿ ಬಿಟ್ಟು ಬಂದ ಚಹಾದ ಕೊರತೆ ಅಲ್ಲಿಗೆ ತೀರಿತು, ಭೋಜದ ಭೂಕಂಪ ಅಲ್ಲಿಂದ ಶುರುವಾಯಿತು.

ಮರುದಿನ ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ನೆನಪು ಬಂದಿತ್ತು. ಒಬ್ಬಳ ಹಂಡೆಯ ನೀರಿನಲ್ಲಿ ಬಳೆ ಬಳೆ ಎದ್ದಿತ್ತು. ಒಬ್ಬನ ಎಮ್ಮೆ ಹಾಲು ಬಿಟ್ಟಿರಲಿಲ್ಲ. ಒಬ್ಬ ಮುದುಕ ಮಂಚದಿಂದ ಬಿದ್ದದ್ದನ್ನು ಸೊಸೆ ಅವನದೇ ತಪ್ಪೆಂದು ಬೈದಿದ್ದಳು. ಈಗ ಅವನು ಬೀದಿಯಲ್ಲಿ ನಿಂತು ತನಗಾದ ಅನ್ಯಾಯ ಹೇಳಿಕೊಂಡ. ಬಾಪುಸಾಹೇಬ ತನ್ನ ಹಿಂಗೋಡೆಯ ಬಿರುಕನ್ನು ಬಂದವರಿಗೆಲ್ಲ ತೋರಿಸಿದ. ಆ ಬಿರುಕಿನಿಂದ ಅವನ ಮನೆಯ ಬೆಕ್ಕು, ಆ ಬೆಕ್ಕಿನ ತಾಯಿ, ಅದರ ಅಜ್ಜಿ ಓಡಾಡಿದ್ದು ಸತ್ತೆವ್ವನಿಗೆ ಗೊತ್ತಿತ್ತು. ಬೆಕ್ಕಿಗೂ ಗೊತ್ತಿತ್ತು, ಅದನ್ನು ಯಾರೂ ಕೇಳಲಿಲ್ಲ.

ಸುದ್ದಿ ಚಿಕ್ಕೋಡಿಗೆ ಮುಟ್ಟಿ, ಊರಿನ ದಫ್ತರ ನೋಡುವ ತಲಾಟಿ ಫೈಲು ಕಂಕುಳಲ್ಲಿಟ್ಟುಕೊಂಡು ಪಂಚನಾಮೆಗೆ ಬಂದ. ಸರಕಾರದ ಪರಿಹಾರಕ್ಕೆಂದು ಮನೆಮನೆಯ ಬಿರುಕು ನೋಡಿದ. ಭೂಮಿ ಅಲುಗಿದ್ದಕ್ಕೆ ರುಜುವಾತು ಏನೆಂದು ಕೇಳಿದಾಗ ಫೋಟೋ ಮುಂದೆ ಬಂತು. ತಲಾಟಿ ಅದನ್ನು ನೋಡಿ ಬೆರಗಾದ. ತನ್ನ ಇಷ್ಟು ವರ್ಷದ ನೌಕರಿಯಲ್ಲಿ ಆಗಿಹೋದ ಭೂಕಂಪ ನೋಡಿದ್ದೇನೆ, ಆಗುತ್ತಿರುವ ಭೂಕಂಪದ ಫೋಟೋ ನೋಡಿರಲಿಲ್ಲ ಎಂದ. ಫೋಟೋ ತೆಗೆದವನಾದ್ದರಿಂದ ಜ್ಞಾನದೇವನ ಹೇಳಿಕೆಯೂ ಬೇಕಾಯಿತು.

"ಭೂಮಿ ಹೆಂಗ ಅಲಗಿತ್ರಿ? ಅಡ್ಡಕೋ, ಉದ್ದಕೋ?"

ಜ್ಞಾನದೇವ ಫೋಟೋದಲ್ಲಿ ಮಗಳ ಎರಡು ಮೂಗನ್ನು ದಿಟ್ಟಿಸಿ ನೋಡಿದ. ಅವು ಅಕ್ಕಪಕ್ಕ ಇದ್ದವು.

"ಅಡ್ಡಕ್ಕ," ಎಂದ.

ತಲಾಟಿ ಬರೆದುಕೊಂಡ. ಫೋಟೋ ಸರಕಾರದ ಫೈಲಿಗೆ ಸೇರಿತು. ಹುಡುಗರು ಜ್ಞಾನದೇವನನ್ನು ಭೂಕಂಪ ಕಾಕಾ ಎಂದು ಕರೆಯತೊಡಗಿದರು. ಹೋಟೆಲಿನಲ್ಲಿ ಆತ ಹೋದರೆ ಜನ ಸರಿದು ಜಾಗ ಕೊಟ್ಟರು. ನೌಕರಿ ಬಿಟ್ಟಮೇಲೆ ಆತನಿಗೆ ಯಾರೂ ಜಾಗ ಬಿಟ್ಟುಕೊಟ್ಟಿರಲಿಲ್ಲ. ಹೀಗಾಗಿ ಆತ ಆ ಜಾಗದಲ್ಲಿ ಕೂತ.

ಮನೆಯಲ್ಲಿ ಮಾತ್ರ ಸತ್ತೆವ್ವ ರೊಟ್ಟಿ ಬಡಿಸುತ್ತ, ತನ್ನಷ್ಟಕ್ಕೆ ತಾನು ಹೇಳಿಕೊಂಡ ಹಾಗೆ ಹೇಳಿದಳು: "ಅವತ್ತ ಸಂಜಿಮುಂದ ನಾ ಹಾಲ ಕಾಯಾಕ ಇಟ್ಟಿದ್ನಿ. ಕೆನಿ ಸೈತ ಅಲಗಿಲ್ಲ."

ಜ್ಞಾನದೇವ ತಾಟಿನಿಂದ ತಲೆ ಎತ್ತಲಿಲ್ಲ. ಆಕೆ ಮತ್ತೊಂದು ರೊಟ್ಟಿ ಹಾಕಿದಳು.

ಸುದ್ದಿ ಚಿಕ್ಕೋಡಿಗಷ್ಟೇ ಹೋಗಿದ್ದರೆ ಪರವಾಗಿರಲಿಲ್ಲ. ಅದು ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು, ಕೃಷ್ಣಾ ಹೊಳೆ ದಾಟಿ, ಐಗಳಿಗೂ ಹೋಯಿತು. ಒಂದು ಬೆಳಿಗ್ಗೆ ಪೂನಮ ಹಿತ್ತಲಿನಿಂದ ಮೊಬೈಲು ಹಿಡಿದುಕೊಂಡು ಒಳಗೆ ಬಂದಳು. ಆಕೆಯ ಮುಖ ನೋಡಿ ಸತ್ತೆವ್ವ ಒಲೆಯ ಉರಿ ಹಿಂದಕ್ಕೆಳೆದಳು.

ಅಕ್ಕುತಾಯಿಗೆ ಒಬ್ಬ ತಂಗಿ ಇದ್ದಳಂತೆ. ಆಕೆಯನ್ನು ಮಹಾರಾಷ್ಟ್ರದ ಕಿಲ್ಲಾರಿ ಕಡೆ ಕೊಟ್ಟಿದ್ದರು. ಅಲ್ಲಿ ಭೂಕಂಪವಾದಾಗ ಮನೆಯ ಗೋಡೆ ಮಲಗಿದವರ ಮೇಲೆ ಬಿದ್ದು ತಂಗಿ ಉಳಿಯಲಿಲ್ಲ. ಇದನ್ನು ಅಕ್ಕುತಾಯಿ ಯಾರ ಮುಂದೆಯೂ ಆಡುವುದಿಲ್ಲ. ಈಗ ಭೋಜದ ಸುದ್ದಿ ಕೇಳಿದಾಗಿನಿಂದ ಮಂಚ ಹೊರಗೆ ಹಾಕಿಸಿಕೊಂಡಿದ್ದಾಳೆ. ಸಮಾಧಾನನೇ ಎಷ್ಟು ಹೇಳಿದರೂ ಒಳಗೆ ಬರಲೊಲ್ಲಳು. ಭೂಮಿ ಸುಮ್ಮನಾಗುವವರೆಗೆ ಮದುವೆಯ ಮಾತು ಬೇಡ ಎಂದಿದ್ದಾಳೆ.

"ನನ್ನ ಬ್ಯಾಡ ಅಂದಿಲ್ಲಪ್ಪಾ ಆಕಿ," ಎಂದಳು ಪೂನಮ. ದನಿ ಎತ್ತಲಿಲ್ಲ. "ಆ ಹುಡುಗಿನ್ನ ಒಳಗ ಮಲಗಸಬ್ಯಾಡ್ರಿ ಅಂತ ನನ್ನ ಸಲುವಾಗಿ ಹೇಳಿ ಕಳಿಸ್ಯಾಳ. ತಾ ಅಂಗಳದಾಗ ಮಲಗಾಕತ್ತಾಳ, ಈ ಥಂಡ್ಯಾಗ, ಆ ಸೊಂಟಾ ತಗೊಂಡು."

ಜ್ಞಾನದೇವ ಬಹಳ ಹೊತ್ತು ನಿಂತಲ್ಲೇ ಹಿಂದಕ್ಕೂ ಮುಂದಕ್ಕೂ ಆಡಿದ. ಆಮೇಲೆ ಗೂಟಕ್ಕಿದ್ದ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಬಿದ್ದ. ಸತ್ತೆವ್ವ ಸೆರಗು ತಲೆಯ ಮೇಲೆಳೆದುಕೊಂಡು ಹಿಂದೆ ಹೋದಳು.

ತಲಾಟಿ ಪಂಚನಾಮೆ ಮುಗಿಸಿ, ಫೈಲು ಒಪ್ಪಿಸಲು ಮಧ್ಯಾಹ್ನದ ಚಿಕ್ಕೋಡಿ ಬಸ್ಸಿಗೆ ಕಾಯುತ್ತ ಬಸ್‌ಸ್ಟ್ಯಾಂಡಿನ ಹೋಟೆಲಿನ ಮುಂದೆ ಕೂತಿದ್ದ. ಅವನನ್ನು ಬೀಳ್ಕೊಡಲು ಬಿರುಕಿದ್ದ ಮನೆಯವರೆಲ್ಲ ಬಂದಿದ್ದರು. ಜ್ಞಾನದೇವ ಅವರ ನಡುವೆ ದಾರಿ ಮಾಡಿಕೊಂಡು ಹೋಗಿ, "ಸಾಹೇಬ್ರ, ಭೂಮಿ ಅಲಗಿಲ್ರಿ. ನನ್ನ ಕೈ ಅಲಗೇತಿ," ಎಂದ.

ಎಲ್ಲರೂ ನಕ್ಕರು.

ಆತ ಇನ್ನೊಮ್ಮೆ ಹೇಳಿದ. ಈಗ ಬಾಪುಸಾಹೇಬನಿಗೆ ಸಿಟ್ಟು ಬಂತು. "ಏನ ಮಾತಾಡ್ತಿ ಅಣ್ಣಾ? ನಿನ್ನ ಕೈ ಅಲಗತೈತೇನ?" ಎಂದ. ಕಂಡಕ್ಟರನ ಕೈಯ ಬಡಾಯಿ ಕೇಳಿ ಕೇಳಿ ಇಷ್ಟು ವರ್ಷ ಕಿವಿ ಮುಚ್ಚಿಕೊಂಡು ಓಡುತ್ತಿದ್ದ ಊರು ಈಗ ಒಬ್ಬೊಬ್ಬರಾಗಿ ಅದನ್ನೇ ಸಾಕ್ಷಿ ಹೇಳಿತು. ಒಬ್ಬನಿಗೆ ಆತ ಘಟ್ಟದ ತಿರುವಿನಲ್ಲಿ ಕಂಬಿ ಹಿಡಿಯದೆ ಚಿಲ್ಲರೆ ಎಣಿಸಿ ಕೊಟ್ಟಿದ್ದ. ಒಬ್ಬಳ ಮೊಟ್ಟೆಯ ಬುಟ್ಟಿಯನ್ನು ನಿಪ್ಪಾಣಿಯವರೆಗೆ ನಿಂತೇ ಹಿಡಿದಿದ್ದ, ಒಂದೂ ಒಡೆದಿರಲಿಲ್ಲ. ಇಂಥವನ ಕೈ ಅಲುಗಿತೆಂದರೆ ಸರಕಾರವಾದರೂ ಹೇಗೆ ನಂಬೀತು?

ತಲಾಟಿಯೂ ನಂಬಲಿಲ್ಲ. ಬರೆದಾಗಿದೆ, ಅಳಿಸಬೇಕೆಂದರೆ ಅದಕ್ಕೂ ರುಜುವಾತು ಬೇಕು ಎಂದ. ಹೋಟೆಲಿನವನು ಅಂಚಿನವರೆಗೆ ತುಂಬಿದ ಚಹಾದ ಕಪ್ಪು ತಂದು ಜ್ಞಾನದೇವನ ಕೈಗಿತ್ತ. ಜ್ಞಾನದೇವ ನಡುಬೀದಿಯಲ್ಲಿ ಕಾಲು ಅಗಲಿಸಿ ನಿಂತ. ಭೂಮಿ ಗಟ್ಟಿಯಾಗಿ ನಿಂತಿತ್ತು, ಆತ ಆಡಿದ, ಚಹಾ ಆತನ ಚಪ್ಪಲಿಯ ಮೇಲೆ ಸುರಿಯಿತು.

"ಬೇಕಂತ ಚೆಲ್ಲಾಕತ್ತಾನ," ಎಂದ ಬಾಪುಸಾಹೇಬ.

ಎರಡನೆಯ ಕಪ್ಪು ಬಂತು. ಅದೂ ಸುರಿಯಿತು. ಇದು ನಟನೆ ಎಂದು ಜನ ತೀರ್ಮಾನಿಸಿದರು. ಎಷ್ಟು ಚೆನ್ನಾಗಿ ಮಾಡುತ್ತಾನೆ ಎಂದು ಕೆಲವರು ಮೆಚ್ಚಿದರು. ಜ್ಞಾನದೇವನ ಕಣ್ಣು ಒದ್ದೆಯಾದವು. ತಾನು ಸುಳ್ಳು ಹೇಳಿದಾಗ ನಂಬಿದ ಊರು ಖರೆ ಹೇಳಿದಾಗ ಚಪ್ಪಾಳೆ ಹೊಡೆಯುತ್ತಿತ್ತು.

ಆಗ ಸತ್ತೆವ್ವ ಮುಂದೆ ಬಂದಳು. ಬಸ್‌ಸ್ಟ್ಯಾಂಡಿನಲ್ಲಿ ಆಕೆಯ ದನಿ ಅದುವರೆಗೆ ಯಾರೂ ಕೇಳಿರಲಿಲ್ಲ.

"ಅವರಿಗೆ ನೆಲದ ಮ್ಯಾಲೆ ನಿಲ್ಲಾಕ ಬರಂಗಿಲ್ರಿ ಸಾಹೇಬ್ರ," ಎಂದಳು. "ಜಲಮೆಲ್ಲಾ ಅಲಗೂ ಗಾಡ್ಯಾಗ ನಿಂತಾರ. ಈಗ ನೆಲಾ ಅಲಗಂಗಿಲ್ಲ, ಇವರ ಅಲಗತಾರ. ಬಸ್ಸಿನ್ಯಾಗ ಹತ್ತಸ್ರಿ, ನಿಮಗ ಕಾಣತೈತಿ."

ಜ್ಞಾನದೇವ ಹೆಂಡತಿಯ ಕಡೆ ನೋಡಿದ. ಆಕೆಗೆ ಯಾವಾಗಿನಿಂದ ಗೊತ್ತಿತ್ತು ಎಂದು ಕೇಳುವಂತಿತ್ತು ಆ ನೋಟ. ಆಕೆ ಸೆರಗು ಸರಿಮಾಡಿಕೊಂಡಳು.

ಬಸ್ಸು ಬಂತು. ಡ್ರೈವರು ಬಾಳಾಸಾಬ, ಜ್ಞಾನದೇವನ ಹಳೆಯ ಜೋಡಿ. ತಲಾಟಿ ಹತ್ತಿದ, ಬಾಪುಸಾಹೇಬ ಹತ್ತಿದ, ಬಿರುಕಿದ್ದವರೆಲ್ಲ ಹತ್ತಿದರು, ಹಿಂದಿನಿಂದ ಸತ್ತೆವ್ವನೂ ಹತ್ತಿದಳು. ಜ್ಞಾನದೇವ ಮೂರನೆಯ ಕಪ್ಪು ಹಿಡಿದುಕೊಂಡು ಸೀಟುಗಳ ನಡುವೆ ನಿಂತ. ಬಾಳಾಸಾಬ ಕನ್ನಡಿಯಲ್ಲಿ ಗೆಳೆಯನನ್ನು ನೋಡಿ, ಏನು ಎತ್ತ ಎಂದು ಕೇಳದೆ, ಇದ್ದ ಗುಂಡಿಗಳಲ್ಲಿ ದೊಡ್ಡವನ್ನು ಆರಿಸಿ ಆರಿಸಿ ಬಸ್ಸು ಓಡಿಸಿದ.

ತಲಾಟಿ ಕಿಟಕಿಗೆ ಬಡಿದ. ಬಾಪುಸಾಹೇಬ ಹೊಸ ಕಂಡಕ್ಟರನ ಮಡಿಲಲ್ಲಿ ಹೋಗಿ ಕೂತ. ಮೇಲಿನ ಗಂಟುಗಳು ಕೆಳಗೆ ಬಂದವು. ನಡುವೆ ಜ್ಞಾನದೇವ ನಿಂತಿದ್ದ. ಬಸ್ಸು ಎಡಕ್ಕೆ ವಾಲಿದರೆ ಆತ ಬಲಕ್ಕೆ, ಬಸ್ಸು ಮುಂದಕ್ಕೆ ಮುಗ್ಗರಿಸಿದರೆ ಆತ ಹಿಂದಕ್ಕೆ. ಮೊಣಕಾಲು ಮಡಚಿ ಬಿಚ್ಚಿ, ಹಿಮ್ಮಡಿ ಎತ್ತಿ ಇಳಿಸಿ. ಆತನ ಕೈಯಲ್ಲಿ ಕಪ್ಪು ಮೇಜಿನ ಮೇಲಿಟ್ಟ ಹಾಗಿತ್ತು. ಚಹಾದ ಮೇಲಿನ ಕೆನೆ ಸಹ ಸುಕ್ಕಾಗಲಿಲ್ಲ. ಆತನ ಮುಖದಲ್ಲಿ ಬೇಸಿಗೆಯಿಂದ ಕಾಣದಿದ್ದ ನೆಮ್ಮದಿ ಕಂಡು ಸತ್ತೆವ್ವ ಕಿಟಕಿಯಾಚೆ ನೋಡಿದಳು. ಹಾಗೆ ನೋಡಿದ್ದೇ ಒಳ್ಳೆಯದಾಯಿತು. ತಿರುವಿನಾಚೆ ಅಂಗನವಾಡಿ ಬರುತ್ತಿತ್ತು.

"ಏನ್ರಿ, ಪೂನಮ," ಎಂದಳು.

ಜ್ಞಾನದೇವ ಕಪ್ಪನ್ನು ತಲಾಟಿಯ ಕೈಗೆ ತುರುಕಿ ಕ್ಯಾಮೆರಾ ಎತ್ತಿದ. ಕತ್ತಲೆ ಕಂಡಿತು. ಸತ್ತೆವ್ವ ಕೈಚಾಚಿ ಲೆನ್ಸಿನ ಮುಚ್ಚಳ ತೆಗೆದಳು. ಸುಡುಬಿಸಿಲಿನಲ್ಲಿ, ಬಾಗಿಲ ಮೆಟ್ಟಿಲ ಮೇಲೆ, ಪೂನಮ ಒಂದು ಕೂಸಿನ ಮೂಗನ್ನು ತನ್ನ ಸೆರಗಿನಿಂದ ಒರೆಸುತ್ತಿದ್ದಳು. ಕೂಸು ಒರೆಸಿಕೊಳ್ಳಲೊಲ್ಲೆ ಎಂದು ಕತ್ತು ಹೊರಳಿಸುತ್ತಿತ್ತು. ಆಕೆ ಅದರ ಹಾಗೆಯೇ ಮುಖ ಮಾಡಿ ಅಣಕಿಸುತ್ತಿದ್ದಳು. ಗುಂಡಿ ಒತ್ತಿದ ಸದ್ದು ಬಸ್ಸಿಗೆಲ್ಲ ಕೇಳಿತು. ಮರುಕ್ಷಣಕ್ಕೆ ಬಸ್ಸು ಆ ದಾರಿಯ ಎಲ್ಲಕ್ಕಿಂತ ದೊಡ್ಡ ಗುಂಡಿಗೆ ಇಳಿಯಿತು.

ಕಪ್ಪು ತಲಾಟಿಯ ಕೈಯಲ್ಲಿತ್ತು, ಫೈಲು ತೊಡೆಯ ಮೇಲಿತ್ತು. ಚಹಾ ಪಂಚನಾಮೆಯ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಇಳಿಯಿತು. ತಲಾಟಿ ಒದ್ದೆ ಕಾಗದಗಳನ್ನು ನೋಡಿದ, ಬಿರುಕಿದ್ದವರನ್ನು ನೋಡಿದ, ಜ್ಞಾನದೇವನ ಮೊಣಕಾಲುಗಳನ್ನು ನೋಡಿದ. ಆಮೇಲೆ ಫೈಲಿನಿಂದ ಎರಡು ಮೂಗಿನ ಫೋಟೋ ಬಿಡಿಸಿ, ಅಂಗಿಗೆ ಒರೆಸಿ, ವಾಪಸು ಕೊಟ್ಟ. "ಇದು ನಿಮ್ಮ ಕಡೇನ ಇರಲಿ ಯಜಮಾನ್ರ," ಎಂದ. ಭೋಜದ ಭೂಕಂಪ ಅಲ್ಲಿಗೆ ನಿಂತಿತು.

ನಿಪ್ಪಾಣಿಯಲ್ಲಿ ಸುರಜ ಹೊಸ ಫೋಟೋ ಕಾಗದಕ್ಕಿಳಿಸಿ ತಂದಾಗ ಅದರಲ್ಲಿ ಪೂನಮಳಿಗೆ ಒಂದೇ ಮೂಗು ಇತ್ತು. ಕೂಸಿನ ರೆಪ್ಪೆಗಳನ್ನು ಎಣಿಸಬಹುದಿತ್ತು. ಇದು ಬಸ್ಸಿನ ಮಹಿಮೆ ಎಂದ ಜ್ಞಾನದೇವ. ಬಿಸಿಲು ಜೋರಿತ್ತು, ಕ್ಯಾಮೆರಾದ ಕಣ್ಣು ಬೇಗ ಮುಚ್ಚಿತು, ಅಷ್ಟೇ ಎಂದ ಸುರಜ. ಇಬ್ಬರೂ ವಾದ ಮಾಡಿದರು. ಹಾಗಾದರೆ ಲೆನ್ಸಿಗೆ ಸ್ಟೆಬಿಲೈಜೇಶನ್ ಬೇಕೋ ಬೇಡವೋ, ಖಂಡಿತ ಹೇಳಿ ಎಂದು ಸುರಜ ಕೇಳಿದ.

"ನೆಲದ ಮ್ಯಾಲೆ ನಿಂತ ತಗಿಯಾವರಿಗೆ ಬೇಕಪ್ಪ," ಎಂದ ಜ್ಞಾನದೇವ. ಈ ಸಲ ಚಹಾ ಕುಡಿದು ಬಂದ.

ಬಾಪುಸಾಹೇಬ ಎರಡು ದಿನ ಮಾತು ಬಿಟ್ಟಿದ್ದ. ಜ್ಞಾನದೇವ ಮಣ್ಣು ಕಲಸಿಕೊಂಡು ಹೋಗಿ, ಅವನ ಹಿಂಗೋಡೆಯ ಬಿರುಕನ್ನು ತಾನೇ ಮೆತ್ತಿ ಮುಚ್ಚಿದ. ಮೆತ್ತಿದ್ದು ತುಸು ಅಲೆಅಲೆಯಾಗಿತ್ತು. ಬಾಪುಸಾಹೇಬ ಒಪ್ಪಿಕೊಂಡ, ಬೆಕ್ಕು ಒಪ್ಪಲಿಲ್ಲ. ಅದು ಗೋಡೆಯ ಮುಂದೆ ಕೂತು ಆತನನ್ನು ಬಹಳ ಹೊತ್ತು ನೋಡಿತು.

ಸತ್ತೆವ್ವ ಕನ್ನಡಿಯ ಹಿಂದಿನಿಂದ ಪತ್ರ ತೆಗೆದಳು. ಜೋಳದ ಸಾಲಿನಲ್ಲಿ ಇನ್ನು ತಿದ್ದಲು ಜಾಗವಿರಲಿಲ್ಲ. ಅಂಚಿನಲ್ಲಿ 'ತೆನೆ ಹಾಲುಗಟ್ಟಿದೆ' ಎಂದು ಬರೆದಳು. ಎರಡೂ ಫೋಟೋ ಇಡೋಣ ಎಂದಳು. ಕೆಟ್ಟದ್ದು ಯಾಕೆ ಎಂದು ಜ್ಞಾನದೇವ ಕೇಳಿದ. ಅಲುಗಿದ್ದು ಹೇಗೆ ಕಾಣುತ್ತದೆಂದು ನೋಡದೆ ಅಲುಗಿಲ್ಲ ಎಂಬ ಮಾತನ್ನು ಆ ಮುದುಕಿ ಹೇಗೆ ನಂಬಬೇಕು ಎಂದಳು. ಆತ ಪೆನ್ನು ಕೇಳಿದ. ಗೋಡೆಗೆ ಬೆನ್ನು ಆನಿಸಿ ಕೂತು, ಟಿಕೀಟಿನ ಹಿಂದೆ ಚಿಲ್ಲರೆಯ ಬಾಕಿ ಬರೆದು ಬರೆದು ಸಣ್ಣದಾಗಿದ್ದ ಅಕ್ಷರದಲ್ಲಿ ಕೆಳಗೆ ಬರೆದ:

"ಅಕ್ಕಾರ, ಭೋಜದಾಗ ಭೂಮಿ ಅಲಗಿಲ್ಲ. ಅಲಗಿದಾಂವ ನಾ. ನೆಲಾ ಗಟ್ಟಿ ಐತಿ. ನೀವು ಒಳಗ ಮಲಕೋರಿ."

ಪೂನಮ ಅಂಗನವಾಡಿಗೆ ಹೋಗುವ ಮೊದಲು ಲಕೋಟೆಯ ಮೇಲೆ ಐಗಳಿಯ ವಿಳಾಸ ಬರೆದುಕೊಟ್ಟಳು. ಆಕೆಗೆ ಆ ವಿಳಾಸ ಬಾಯಿಪಾಠವಿತ್ತು. ಗಂಡ ಹೆಂಡತಿ ಇಬ್ಬರೂ ಪೋಸ್ಟಾಫೀಸಿನ ಕೆಂಪು ಡಬ್ಬಿಯ ಮುಂದೆ ಹೋಗಿ ನಿಂತರು. ಎರಡು ಫೋಟೋ, ಅಷ್ಟೊಂದು ತಿದ್ದುಪಡಿ ಸೇರಿ ಲಕೋಟೆ ದಪ್ಪಗಾಗಿತ್ತು. ಜ್ಞಾನದೇವ ಕಾಲು ಅಗಲಿಸಿ, ಡಬ್ಬಿಯ ಕಿಂಡಿಗೆ ಗುರಿ ಹಿಡಿದ. ಲಕೋಟೆ ಒಮ್ಮೆ ಕಿಂಡಿಯ ಈ ಪಕ್ಕಕ್ಕೆ ತಾಗಿತು, ಒಮ್ಮೆ ಆ ಪಕ್ಕಕ್ಕೆ ತಾಗಿತು.

"ಒಂದೀಟ ಬಲಕ್ಕ," ಎಂದಳು ಸತ್ತೆವ್ವ.

"ಯಾರ ಬಲಕ್ಕ?"

ಆಕೆ ಪಕ್ಕಕ್ಕೆ ಬಂದು ಆತನ ಬೆನ್ನಿಗೆ ಅಂಗೈ ಆನಿಸಿದಳು. ಉಳಿಸಿಟ್ಟ ಉತ್ತರಗಳಲ್ಲಿ ಒಂದನ್ನು ಈಗ ತೆಗೆದಳು.

"ಈಗ ಇಬ್ಬರದೂ ಒಂದ ಕಡೆ ಐತ್ರಿ," ಎಂದಳು.

ಜ್ಞಾನದೇವ ಅಲುಗದೆ ನಿಂತ. ಪತ್ರ ಒಳಗೆ ಬಿದ್ದ ಸದ್ದು ಇಬ್ಬರಿಗೂ ಕೇಳಿತು.